ಮೂರು ಸಾವಿರದ ಕೋಣೆ, ಆರು ಸಾವಿರದ ಕೋಣೆ

ಏಳನೆಯ ತರಗತಿಯ ಮಕ್ಕಳಿಗೆ ಹದಿನೆಂಟು ವರ್ಷಗಳಿಂದ ಶೇಕಡಾ ಲೆಕ್ಕ ಕಲಿಸುತ್ತಿದ್ದೇನೆ. ಅದೇ ಲೆಕ್ಕ ನನಗೆ ಹೊಳೆಯದೆ ಹೋದದ್ದು ರಾತ್ರಿ ಹನ್ನೊಂದೂವರೆಗೆ, ಬೆಂಗಳೂರಿನ ಒಂದು ಆಸ್ಪತ್ರೆಯ ಕೌಂಟರಿನ ಮುಂದೆ.

ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಳು. ತಿಪಟೂರಿನಲ್ಲಿ ಎಕ್ಸ್‌ರೇ ನೋಡಿದ ವೈದ್ಯರು, ಸೊಂಟದ ಕೀಲು ಮುರಿದಿದೆ, ತಡ ಮಾಡಬೇಡಿ ಎಂದರು. ದಾರಿಯುದ್ದಕ್ಕೂ ರಸ್ತೆಯ ಒಂದೊಂದು ಉಬ್ಬಿಗೂ ಅವಳು ನನ್ನ ಮಣಿಕಟ್ಟು ಹಿಂಡುತ್ತಿದ್ದಳು. ಕೌಂಟರಿನ ಹುಡುಗ, "ಜನರಲ್ ವಾರ್ಡ್ ಭರ್ತಿಯಾಗಿದೆ. ಸಿಂಗಲ್ ರೂಮ್ ಇದೆ, ದಿನಕ್ಕೆ ಆರು ಸಾವಿರ. ಇನ್ಶೂರೆನ್ಸ್ ಇದೆಯಲ್ಲ ಸಾರ್?" ಎಂದ. ಸ್ಟ್ರೆಚರ್ ಮೇಲಿಂದ ಅಮ್ಮ, "ಕಿಟಕಿ ಇದ್ದರೆ ಸಾಕು ಕಣೋ" ಎಂದಳು. ಸಹಿ ಹಾಕಿದೆ. ಕಿಟಕಿಯೇನೋ ಇತ್ತು, ಆಚೆ ಕಾಣುತ್ತಿದ್ದದ್ದು ಜನರೇಟರಿನ ಶೆಡ್ಡು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಅದರ ಬಗ್ಗೆ ತಕರಾರಿಲ್ಲ.

ಆರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಎಂದರು. ಬಿಲ್ ವಿಮೆಯವರಿಗೆ ಹೋಯಿತು. ಮೂರು ತಾಸಿನೊಳಗೆ ಉತ್ತರ ಕೊಡಬೇಕೆಂದು 2024ರಿಂದ ನಿಯಮವಿದೆ. ನಮಗೆ ಉತ್ತರ ಬಂದದ್ದು ಸಂಜೆ ಆರೂವರೆಗೆ. ಬಿಲ್ 2,98,000 ರೂಪಾಯಿ, ವಿಮೆಯಿಂದ 1,41,000. ಉಳಿದ 1,57,000 ಈಗಲೇ ಕಟ್ಟಿ. ನಮ್ಮದು ಮೂರು ಲಕ್ಷದ ಪಾಲಿಸಿ, ಬಿಲ್ ಅದರೊಳಗೇ ಇತ್ತು!

ತಂಗಿ ನಲವತ್ತು ಸಾವಿರ ಕಳಿಸಿದಳು. ನನ್ನ ಖಾತೆಯಲ್ಲಿ ಮೂವತ್ತೇಳು ಇತ್ತು. ಮಿಕ್ಕ ಎಂಬತ್ತು ಸಾವಿರವನ್ನು ಭಾವ ತಾತ್ಕಾಲಿಕವಾಗಿ ಹೊಂದಿಸಿದರು. ಮಾರನೆಯ ದಿನ ಹೆಂಡತಿಯ ನಾಲ್ಕು ಬಳೆ ಬ್ಯಾಂಕಿಗೆ ಹೋದವು.

ಹದಿನಾಲ್ಕು ಪುಟಗಳ ಬಿಲ್ಲನ್ನು ಊಟದ ಮೇಜಿನ ಮೇಲೆ ಹರಡಿ, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು ಕೂತೆ. ಗ್ಲೌಸ್ 186 ಜೊತೆ: ದಿನಕ್ಕೆ ಮೂವತ್ತೊಂದು. ಗ್ಲೌಸ್, ಡಯಾಪರ್, ದಾಖಲಾತಿ ಶುಲ್ಕ ಇತ್ಯಾದಿ ಸೇರಿ 14,200, ಅದನ್ನು ವಿಮೆ ಕೊಡುವುದಿಲ್ಲ. ದಿನಕ್ಕೆ ಐದು ಸಾವಿರ ಮೀರಿದ ಕೋಣೆಗೆ ಶೇ 5 ಜಿಎಸ್‌ಟಿ, 1,800. ಇವೆಲ್ಲ ಚಿಲ್ಲರೆ. ದೊಡ್ಡ ಏಟು ಬಿದ್ದದ್ದು ಪಾಲಿಸಿಯ ಒಂದು ಸಾಲಿನಿಂದ: ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ 1ರವರೆಗೆ ಮಾತ್ರ. ಎಂದರೆ ಮೂರು ಸಾವಿರ.

ಹೆಚ್ಚಿನ ಮೂರು ಸಾವಿರ ನಾವು ಕೊಟ್ಟರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಆಸ್ಪತ್ರೆಯಲ್ಲಿ ಕೋಣೆಯ ದರ್ಜೆ ಏರಿದಂತೆ ಅದೇ ವೈದ್ಯರ, ಅದೇ ಆಪರೇಷನ್ ಥಿಯೇಟರಿನ ಶುಲ್ಕವೂ ಏರುತ್ತದೆ. ಹಾಗಾಗಿ ನಿಮ್ಮ ಅರ್ಹತೆ ಕೋಣೆ ಬಾಡಿಗೆಯ ಅರ್ಧಕ್ಕಷ್ಟೇ ಇದ್ದರೆ ವಿಮೆಯವರು ಆ ಶುಲ್ಕಗಳಲ್ಲೂ ಅರ್ಧವನ್ನೇ ಕೊಡುತ್ತಾರೆ. ಅನುಪಾತ! ಬೋರ್ಡಿನ ಮೇಲೆ ನಾನು ಬರೆಸುವ ಲೆಕ್ಕ.

ಆದರೆ ವಿಮೆಯವರೂ ಲೆಕ್ಕ ತಪ್ಪಿದ್ದರು. ಔಷಧಿ, ಮೂಳೆಗೆ ಕೂರಿಸುವ ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕಡಿತ ಸಲ್ಲದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ಅವರು ಅದಕ್ಕೂ ಕತ್ತರಿ ಹಾಕಿದ್ದರು. ಇಂಪ್ಲಾಂಟ್ 62,000, ಔಷಧಿ 41,000, ಪರೀಕ್ಷೆ 23,000. ಕಡಿದದ್ದು ಒಟ್ಟು 63,000. ಒಂದು ಪುಟದ ಪತ್ರ ಬರೆದು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಕಳಿಸಿ, ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದಾಖಲಿಸಿದೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗುತ್ತೇನೆ, ಅಲ್ಲಿ ದೂರಿಗೆ ಶುಲ್ಕವಿಲ್ಲವೆಂಬುದೂ ಗೊತ್ತು ಎಂದು ಕೊನೆಯಲ್ಲಿ ಸೇರಿಸಿದ್ದೆ. ಕೋಪವನ್ನು ಎಲ್ಲಿಯೂ ಬರೆಯಲಿಲ್ಲ, ಅಂಕಿಗಳನ್ನಷ್ಟೇ ಬರೆದೆ. ಹತ್ತೊಂಬತ್ತನೆಯ ದಿನ 63,000 ಖಾತೆಗೆ ಬಂತು. ವಿವರಣೆಯಿಲ್ಲ, ಕ್ಷಮೆಯೂ ಇಲ್ಲ.

ತಂಗಿಯ ನಲವತ್ತು ಸಾವಿರ ಹಿಂದಿರುಗಿಸಿ, ಮಿಕ್ಕದ್ದನ್ನು ಬಳೆಯ ಸಾಲಕ್ಕೆ ಕಟ್ಟಿದೆ. ವಿಮೆ ಹೇಗೂ ಕೊಡದ 14,200 ಬಿಟ್ಟರೆ, ಆ ಒಂದು ಕೋಣೆಯಿಂದ ಕೈಬಿಟ್ಟದ್ದು 79,800. ಅಮ್ಮನಿಗೆ ಇದನ್ನು ಹೇಳಿಲ್ಲ. ಈಗ ವಾಕರ್ ಹಿಡಿದು ಜಗಲಿಯ ತನಕ ನಡೆಯುತ್ತಾಳೆ. ನಿನ್ನೆ ಪಕ್ಕದ ಮನೆಯವರಿಗೆ, "ಅಷ್ಟು ರಾತ್ರಿಯಲ್ಲೂ ನಮ್ಮ ಹುಡುಗ ಕಿಟಕಿ ಇರುವ ಕೋಣೆಯನ್ನೇ ಕೊಡಿಸಿದ" ಎನ್ನುತ್ತಿದ್ದಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈಯಲ್ಲಿ ಗಾಜಿನ ಬಳೆಗಳ ಸದ್ದು.