ಪೆಟ್ರೋಲ್ ಒಳಗೆ ಹೋಗ್ಬೇಕಂದ್ರೆ ಗಾಳಿ ಹೊರಗೆ ಬರ್ಬೇಕು

ನಾನು ಟ್ರ್ಯಾಕ್ ಕಾರು ರೆಡಿ ಮಾಡೋ ವರ್ಕ್‌ಶಾಪಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡ್ತೀನಿ. ರೋಲ್ ಕೇಜು, ಸೀಟ್ ಮೌಂಟು, ಎಕ್ಸಾಸ್ಟು, ಇವೇ ದಿನಾ ಕೈಗೆ ಬರೋದು. ಪೆಟ್ರೋಲ್ ಹರಿಯೋ ಯಾವ ಪೈಪ್ ಮುಟ್ಟಬೇಕಾದ್ರೂ ಈಗ ನಾನು ನಿಂತು ಎರಡು ಸಲ ಯೋಚನೆ ಮಾಡ್ತೀನಿ, ಅದಕ್ಕೆ ಕಾರಣ ಆದ ಒಂದು ಕೆಲಸದ ಬಗ್ಗೆ ಬರೀತಿದೀನಿ, ಇದೇ ಕೆಲಸ ಮಾಡೋ ಬೇರೆಯವರಿಗೆ ಉಪಯೋಗ ಆಗ್ಲಿ ಅಂತ.

ಒಂದು ಹ್ಯಾಚ್‌ಬ್ಯಾಕ್ ಬಂದಿತ್ತು, ರೋಡಿಗೆ ಇಳಿಸೋದೇ ಇಲ್ಲ, ಬರೀ ಟ್ರ್ಯಾಕಿಗೆ ಅಂತ ಇಟ್ಟಿರೋ ಕಾರು. ಓನರ್ ಎಂಡ್ಯೂರೆನ್ಸ್ ರೇಸಿಗೆ, ಅಂದ್ರೆ ತುಂಬಾ ಹೊತ್ತು ನಡೆಯೋ ರೇಸಿಗೆ, ತಯಾರಾಗ್ತಿದ್ರು. "ಕ್ಯಾನಿಂದ ಪೆಟ್ರೋಲ್ ಹಾಕೋಷ್ಟರಲ್ಲಿ ಬೇರೆಯವರು ಒಂದು ಲ್ಯಾಪ್ ಮುಗಿಸ್ಬಿಡ್ತಾರೆ, ಈ ಬಾಯಿ ಸ್ವಲ್ಪ ದೊಡ್ಡದು ಮಾಡ್ಕೊಡಿ" ಅಂದ್ರು. ಕೇಳೋಕೆ ಸಣ್ಣ ಕೆಲಸ. ಫಿಲ್ಲರ್ ನೆಕ್ ಅಂದ್ರೆ ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಹೋಗೋ ಪೈಪ್. ಅನ್‌ಲೆಡೆಡ್, ಅಂದ್ರೆ ಸೀಸ ಇಲ್ಲದ ಪೆಟ್ರೋಲಿನ ಕಾರಲ್ಲಿ ಆ ನೆಕ್ ಬಾಯಲ್ಲಿ ಒಂದು ಸಣ್ಣ ತೂತು, ಅದರ ಹಿಂದೆ ಸ್ಪ್ರಿಂಗ್ ಇರೋ ಮುಚ್ಚಳ ಇರತ್ತಲ್ಲ, ಸುಮಾರು 21 ಮಿ.ಮೀ. ದಪ್ಪದ ಪಂಪ್ ನಾಜಲ್ ಮಾತ್ರ ಹೋಗೋ ಹಾಗೆ, ಹಿಂದಿನ ಕಾಲದ ಸೀಸ ಬೆರೆಸಿದ ಪೆಟ್ರೋಲಿನ ದಪ್ಪ ನಾಜಲ್ ಹೋಗ್ದೇ ಇರ್ಲಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಉಳೀಲಿ ಅಂತ ಮಾಡಿರೋದು. ರೇಸ್ ಕ್ಯಾನಿನ ದಪ್ಪ ಟ್ಯೂಬ್ ಅದರಲ್ಲಿ ಹೋಗೋದೇ ಇಲ್ಲ. ನೆಕ್ಕನ್ನ ಕಾರಿಂದ ಬಿಚ್ಚಿ, ತೊಳೆದು, ಹೊರಗೆ ತಂದು ಆ ಭಾಗ ತೆಗೆದೆ, 50 ಮಿ.ಮೀ. ಪೈಪಲ್ಲಿ ಹೊಸ ನೆಕ್ ಮಾಡಿ ಕೂರಿಸ್ದೆ. ಟ್ಯಾಂಕ್ ಕಾರಲ್ಲಿ ಇರೋವಾಗ ಅದರ ಹತ್ತಿರ ಗ್ರೈಂಡರ್ ಆಗ್ಲಿ ವೆಲ್ಡಿಂಗ್ ಆಗ್ಲಿ ಹಿಡೀಲೇಬಾರದು, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲ್ ಆವಿ ಹತ್ಕೊಳ್ಳತ್ತೆ, ಗಾಳಿಗಿಂತ ಭಾರ ಬೇರೆ, ನೆಲದ ಮೇಲೇ ಹರಡಿಕೊಂಡು ದೂರದ ಕಿಡಿವರೆಗೂ ಹೋಗತ್ತೆ.

ಮೊದಲ ಸಲ ಹಾಕಿ ನೋಡ್ದಾಗ ಐದು ಲೀಟರ್ ಆಗೋಷ್ಟರಲ್ಲಿ ಗುಳುಗುಳು ಅಂತ ಶಬ್ದ ಬಂತು, ಮರುಕ್ಷಣ ಪೆಟ್ರೋಲ್ ವಾಪಸ್ ಉಕ್ಕಿ ನನ್ನ ತೋಳಿನ ಮೇಲೆ ಬಂತು. ಪೈಪ್ ದಪ್ಪ ಮಾಡಿದೀನಿ, ಆದ್ರೂ ಮೊದಲಿಗಿಂತ ಕಷ್ಟ ಆಗ್ತಿದೆ ಅಂದ್ರೆ ಏನರ್ಥ ಅಂತ ನನಗೆ ಹೊಳೀಲಿಲ್ಲ. ನಮ್ಮ ಸೀನಿಯರ್ ವೆಲ್ಡರ್ ಅಣ್ಣ ಬಂದು ನೋಡಿದ್ರು. "ಅಲ್ಲಪ್ಪಾ, ಪೆಟ್ರೋಲ್ ಹೋಗೋ ದಾರಿ ದೊಡ್ಡದು ಮಾಡ್ದೆ ಸರಿ, ಒಳಗಿರೋ ಗಾಳಿ ಎಲ್ಲಿಂದ ಬರ್ಬೇಕು?" ಅಂದ್ರು. ನೆಕ್ ಪಕ್ಕದಲ್ಲೇ ಬೆರಳು ದಪ್ಪದ ಒಂದು ವೆಂಟ್ ಟ್ಯೂಬ್ ಇರತ್ತೆ, ಅದನ್ನ ಹಾಗೇ ಬಿಟ್ಟಿದ್ದೆ. ಟ್ಯಾಂಕಿಗೆ ಹತ್ತು ಲೀಟರ್ ಪೆಟ್ರೋಲ್ ಹೋಗ್ಬೇಕಂದ್ರೆ ಅಷ್ಟೇ ಹೊತ್ತಲ್ಲಿ ಹತ್ತು ಲೀಟರ್ ಗಾಳಿ ಹೊರಗೆ ಬರ್ಬೇಕು, ಬರೋಕೆ ಜಾಗ ಇಲ್ಲ ಅಂದ್ರೆ ಅದು ಪೆಟ್ರೋಲನ್ನ ಸೀಳ್ಕೊಂಡು ದೊಡ್ಡ ಪೈಪಲ್ಲೇ ಮೇಲೆ ಬರತ್ತೆ. ವೆಂಟ್ ಲೈನನ್ನೂ ದಪ್ಪ ಮಾಡಿ, ಎಲ್ಲೂ ತಗ್ಗು ಬಿದ್ದು ಪೆಟ್ರೋಲ್ ನಿಲ್ಲದ ಹಾಗೆ ಒಂದೇ ಸಮ ಏರಿಸಿಕೊಂಡು ಬಂದೆ. ಆಮೇಲೆ ಕ್ಯಾನ್ ಸಲೀಸಾಗಿ ಖಾಲಿ ಆಯ್ತು.

ಅಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರ್ತಿತ್ತು. ಕ್ಯಾನಿನ ಟ್ಯೂಬ್ ಉದ್ದ ಇತ್ತು, ಕೆಳಗೆ ಟ್ಯಾಂಕಿನ ಬಾಯಲ್ಲಿ ಇರೋ ಪ್ಲಾಸ್ಟಿಕ್ ಫ್ಲಾಪಿಗೆ ತಾಗ್ತಿತ್ತು. ಇದೂ ಆ ನಾಜಲ್ ಮುಚ್ಚಳದ ಥರದ್ದೇ ಇನ್ನೊಂದು ಅಡ್ಡಿ ಅಂದ್ಕೊಂಡು ಕಿತ್ತು ಹಾಕ್ದೆ. ಯಾರನ್ನೂ ಕೇಳ್ಲಿಲ್ಲ.

ಪ್ರಾಕ್ಟೀಸ್ ದಿನ ಫುಲ್ ಟ್ಯಾಂಕ್ ಹಾಕಿ ಕಾರು ಬಿಟ್ವಿ. ಮೂರನೇ ಲ್ಯಾಪಲ್ಲಿ ಕಪ್ಪು ಬಾವುಟದ ಮೇಲೆ ಕಿತ್ತಳೆ ವೃತ್ತ ತೋರಿಸಿದ್ರು, ಅಂದ್ರೆ ನಿನ್ನ ಕಾರಲ್ಲಿ ಏನೋ ಕೆಟ್ಟಿದೆ, ಒಳಗೆ ಬಾ ಅಂತ. ಬಲಗಡೆ ಹಿಂದಿನ ಬಾಡಿ ಮೇಲೆ ಮುಚ್ಚಳದಿಂದ ಶುರುವಾಗಿ ಚಕ್ರದ ಕಡೆಗೆ ಒಂದು ಒದ್ದೆ ಗೆರೆ ಇಳಿದಿತ್ತು, ಅದರ ಮೇಲೆ ಧೂಳು ಅಂಟಿತ್ತು, ಹತ್ತಿರ ಹೋದ್ರೆ ಕಣ್ಣು ಉರಿಯೋಷ್ಟು ವಾಸನೆ. "ಎಡಗಡೆ ತಿರುವಲ್ಲಿ ಮಾತ್ರ ವಾಸನೆ ಬರ್ತಿತ್ತು" ಅಂದ್ರು ಓಡಿಸಿದವರು. ಆ ಮಾತಲ್ಲೇ ಉತ್ತರ ಇತ್ತು. ಫಿಲ್ಲರ್ ಇರೋದು ಬಲಗಡೆ, ಕಾರು ಎಡಕ್ಕೆ ತಿರುಗಿದ್ರೆ ಪೆಟ್ರೋಲ್ ಎಲ್ಲ ಬಲಕ್ಕೆ ನುಗ್ಗತ್ತೆ. ತಿರುವಲ್ಲಿ 1 ಜಿ, ಅಂದ್ರೆ ಗುರುತ್ವದಷ್ಟೇ ಜೋರಾದ ಎಳೆತ ಪಕ್ಕಕ್ಕೆ ಬಂತು ಅಂದ್ರೆ ಟ್ಯಾಂಕಲ್ಲಿ ಪೆಟ್ರೋಲಿನ ಮಟ್ಟ 45 ಡಿಗ್ರಿ ಓರೆ ಆಗತ್ತೆ, ಗೀರಿಲ್ಲದ ರೇಸ್ ಟೈರ್, ಸ್ಲಿಕ್ ಟೈರಲ್ಲಿ 1 ಜಿ ದಾಟೋದು ದೊಡ್ಡ ವಿಷಯ ಅಲ್ಲ, 40 ಲೀಟರ್ ಅಂದ್ರೆ ಸುಮಾರು 30 ಕೆ.ಜಿ. ತೂಕ, ಅದು ನಾನೇ ಅಗಲ ಮಾಡಿಟ್ಟ ನೆಕ್ಕಿನ ಬುಡಕ್ಕೆ ಒತ್ತಿಕೊಂಡು ಬರತ್ತೆ. ನಾನು ಕಿತ್ತು ಹಾಕಿದ ಫ್ಲಾಪ್ ಇದ್ದಿದ್ದೇ ಅದನ್ನ ತಡೆಯೋಕೆ, ಪೆಟ್ರೋಲ್ ಒಳಗೆ ಬಿಟ್ಟು ವಾಪಸ್ ಬಿಡದ ಒನ್‌ವೇ ಬಾಗಿಲು ಅದು. ಹಿಂದಿನ ಟೈರ್ ಪಕ್ಕದಲ್ಲೇ ಆ ಒದ್ದೆ ಗೆರೆ ಮುಗಿದಿದ್ದು ನೋಡಿ ನನಗೆ ಕೈಕಾಲು ತಣ್ಣಗಾಯ್ತು. ಹಿಂದೆ ಬರೋ ಕಾರುಗಳ ಕೆಳಗೆ ಅದು ಬಿದ್ದಿದ್ರೆ ಏನಾಗ್ತಿತ್ತು ಅಂತ ಆವತ್ತು ರಾತ್ರಿಯೆಲ್ಲ ಅದೇ ಯೋಚನೆ.

ವರ್ಕ್‌ಶಾಪಿಗೆ ತಂದು ಪೂರ್ತಿ ಬಿಚ್ಚಿದಾಗ ಇನ್ನೊಂದು ಸಿಕ್ತು. ನೆಕ್ಕಿಗೂ ಟ್ಯಾಂಕಿಗೂ ಮಧ್ಯೆ ಹಾಕಿದ್ದ ಬೆಂಡ್ ಹೋಸ್ ಅಳತೆಗೆ ಸರಿಯಾಗಿ ಕೂತಿತ್ತು ಅಂತ ಕಪಾಟಿಂದ ತೆಗೆದು ಹಾಕಿದ್ದೆ, ಅದು ರೇಡಿಯೇಟರ್ ಹೋಸ್, ಇಪಿಡಿಎಂ ರಬ್ಬರ್. ಕೂಲೆಂಟಿಗೆ ಅದು ಗಟ್ಟಿ, ಪೆಟ್ರೋಲಿಗೆ ಆಗಲ್ಲ. ಒಳಗೆ ಬೆರಳು ಹಾಕಿದ್ರೆ ತುಂಬಾ ಹೊತ್ತು ನೀರಲ್ಲಿದ್ದ ಚರ್ಮದ ಥರ ಉಬ್ಬಿ ಮೆತ್ತಗಾಗಿತ್ತು, ಕ್ಲಾಂಪ್ ಇದ್ದ ಕಡೆ ರಬ್ಬರ್ ಹೊರಗೆ ಹಿಂಡಿಕೊಂಡಿತ್ತು. ಇನ್ನು ಕೆಲವು ದಿನ ಹೋಗಿದ್ರೆ ಕಾರೊಳಗೇ ಕಳಚ್ಕೊಳ್ತಿತ್ತು.

ಎಲ್ಲ ಮತ್ತೆ ಮಾಡ್ದೆ. ಹೊಸ ಫ್ಲಾಪ್ ತಂದು ಹಾಕಿ, ಅದಕ್ಕೆ ತಾಗದ ಹಾಗೆ ಕ್ಯಾನಿನ ಟ್ಯೂಬನ್ನ ಗಿಡ್ಡ ಮಾಡ್ದೆ. ಫ್ಯೂಯಲ್ ಫಿಲ್ಲರಿಗೇ ಅಂತ ಬರೋ ಹೋಸ್ ಹಾಕ್ದೆ, ಪೈಪಿನ ತುದಿಗೆ ಅಂಚು ಎಬ್ಬಿಸಿ ಅದರ ಹಿಂದೆ ಕ್ಲಾಂಪ್ ಬಿಗಿದೆ. ಟ್ಯಾಂಕಿಗೆ ಗಾಳಿ ಆಡೋ ಬ್ರೀದರಲ್ಲಿ, ಕಾರು ಮಗುಚಿದ್ರೆ ಮುಚ್ಕೊಳ್ಳೋ ರೋಲ್‌ಓವರ್ ವಾಲ್ವ್ ಕೆಲಸ ಮಾಡತ್ತಾ ಅಂತ ಬಿಚ್ಚಿ, ತಲೆಕೆಳಗೆ ಮಾಡಿ, ಬಾಯಲ್ಲಿ ಊದಿ ನೋಡ್ದೆ. ನೆಕ್ ಲೋಹದ್ದು, ಮಧ್ಯೆ ರಬ್ಬರ್ ಬಂದ್ರೆ ಅದಕ್ಕೂ ಬಾಡಿಗೂ ಸಂಪರ್ಕ ಇರಲ್ಲ, ಪೆಟ್ರೋಲ್ ಸುರಿಯೋವಾಗ ಸ್ಟ್ಯಾಟಿಕ್ ಚಾರ್ಜ್ ಕೂತು ಕಿಡಿ ಬರಬಹುದು, ಅದಕ್ಕೆ ಒಂದು ಅರ್ತ್ ವೈರ್ ಎಳೆದೆ. ಒಳಗಡೆ ಟ್ರಿಮ್ ಎಲ್ಲ ತೆಗೆದಿದ್ರಿಂದ ನೆಕ್ ಡಿಕ್ಕಿಯಲ್ಲಿ ಬರಿದಾಗಿ ಕಾಣ್ತಿತ್ತು, ಅದಕ್ಕೆ ಅಲ್ಯೂಮಿನಿಯಂ ತಗಡಿನ ಡಬ್ಬಿ ಕಟ್ಟಿ ಸೀಲ್ ಮಾಡ್ದೆ, ಸೋರಿದ್ರೂ ಡ್ರೈವರ್ ಕಡೆ ಬರಬಾರದು. ಮುಚ್ಚಳ ಬಾಡಿಯಿಂದ ಹೊರಗೆ ಚಾಚಬಾರದು, ಗುದ್ದಿದ್ರೂ ತೆರ್ಕೊಳ್ಳದ ಹಾಗೆ ಲಾಕ್ ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ ರೇಸ್ ಸಂಸ್ಥೆ ಎಫ್‌ಐಎ ನಿಯಮ ಯಾಕೆ ಹೇಳತ್ತೆ ಅನ್ನೋದೂ ಆಗ ಅರ್ಥ ಆಯ್ತು. ರೋಡಲ್ಲಿ ಓಡಿಸೋ ಕಾರಿಗೆ ಇದೆಲ್ಲ ಮಾಡ್ಕೊಡಿ ಅಂತ ಬಂದ್ರೆ ನಾನು ಆಗಲ್ಲ ಅಂತೀನಿ, ಆವಿ ಹಿಡಿಯೋ ಇಡೀ ವ್ಯವಸ್ಥೆ ಆ ನೆಕ್ಕನ್ನೇ ನಂಬ್ಕೊಂಡಿರತ್ತೆ.

ಮತ್ತೆ ಟ್ರ್ಯಾಕಿಗೆ ಬಿಡೋ ಮುಂಚೆ ಮುಚ್ಚಳದ ಸುತ್ತ, ಪ್ರತಿ ಜಾಯಿಂಟಿನ ಕೆಳಗೆ ಚಾಕ್ ಪುಡಿ ಉದುರಿಸ್ದೆ, ಒಂದು ಹನಿ ಸೋರಿದ್ರೂ ಗುರುತು ಕಾಣ್ಲಿ ಅಂತ. ಫುಲ್ ಟ್ಯಾಂಕ್, ಹತ್ತು ಲ್ಯಾಪ್. ಕಾರು ಬಂದು ನಿಂತ ತಕ್ಷಣ ಟಾರ್ಚ್ ಹಿಡ್ಕೊಂಡು ಮಂಡಿಯೂರಿ ಒಂದೊಂದೇ ನೋಡ್ದೆ. ಪುಡಿ ಹಾಕಿದ ಹಾಗೇ ಇತ್ತು, ಒಣಗಿ, ಬೆಳ್ಳಗೆ.