ಗೋಡೆಗೆ ಮ್ಯಾಚಿಂಗ್

ಬೀದರಿನ ಹಳೇ ಊರಲ್ಲಿ, ಚೌಬಾರಾ ಗೋಪುರದಿಂದ ಕೂಗಳತೆಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಫಾಲ್, ಅಸ್ತರ, ಬ್ಲೌಸ್ ಪೀಸ್, ದಾರ, ಹುಕ್ಕು. ಹದಿನೆಂಟು ವರ್ಷದಿಂದ ಮಾಡುವ ಕೆಲಸ ಒಂದೇ. ಯಾರೋ ತಂದ ಸೀರೆಗೆ ಸರಿಯಾಗಿ ಕೂಡುವ ಬಣ್ಣ ಹುಡುಕಿ ಕೊಡುವುದು. ಉಳ್ಳಾಗಡ್ಡಿ ಬಣ್ಣ, ಗಿಳಿ ಹಸಿರು, ರಾಣಿ ಕಲರ್, ಫಿರೋಜಿ... ನಿದ್ದೆಗಣ್ಣಲ್ಲೂ ಡಬ್ಬಿ ತೆಗೆದು ಕೊಡುತ್ತೇನೆ.

ಅಂಗಡಿ ಎದುರಿಗೆ ಒಂದು ಹಳೇ ಗೋದಾಮಿನ ಗೋಡೆ. ಗಂಡಸರೆಲ್ಲ ಅದರ ಬುಡಕ್ಕೇ ನಿಲ್ಲುತ್ತಿದ್ದರು. ತಡೆಯೋಣ ಅಂತ ಮಾಲಕರು ದೇವರ ಟೈಲ್ಸ್ ಅಂಟಿಸಿದರು. ಗಣಪತಿ, ಮೆಕ್ಕಾ, ಏಸು, ಗುರುನಾನಕ್, ನಾಲ್ಕೂ ಸಾಲಾಗಿ. ಜನ ಟೈಲ್ಸ್ ಮುಗಿದ ಜಾಗದಿಂದ ಎರಡು ಹೆಜ್ಜೆ ಆಚೆ ಹೋಗಿ ನಿಂತರು, ಅಷ್ಟೇ.

ಹೋದ ವರ್ಷ ನಮ್ಮ ಗಲ್ಲಿಯ ಹುಡುಗರು, ಚಿತ್ರಕಲೆ ಓದುವ ನಾಲ್ಕೈದು ಮಕ್ಕಳನ್ನು ಕರೆದುಕೊಂಡು ಬಂದರು. ಗೋಡೆ ತುಂಬ ಚಿತ್ರ ಬರೀತೇವೆ, ಅಂಗಡಿಗೆ ಇನ್ನೂರು ರೂಪಾಯಿ ಕೊಡಿ ಅಂದರು. ಕೊಟ್ಟೆ. ಗೊಣಗುತ್ತಾ ಕೊಟ್ಟೆ ಅನ್ನಿ.

ಮೊದಲು ಅವರು ಕೋಟೆ ಬರೆಯುತ್ತೇವೆ ಅಂದರು. ನನಗೆ ಸಿಟ್ಟೇ ಬಂತು. ‘ಕಿಲ್ಲಾ ಅಲ್ಲೇ ಅದಲ್ಲೋ ತಮ್ಮಾ, ನಡ್ಕೊಂತ ಹೋಗಿ ನೋಡ್ರಿ’ ಅಂದೆ. ಯಾವ ಊರಿಗೆ ಹೋದರೂ ಕಾಂಪೌಂಡಿನ ಮೇಲೆ ಕೋಟೆ, ಹುಲಿ, ನವಿಲು ನೋಡಿ ಸಾಕಾಗಿದೆ. ಹಾಗಾದರೆ ಬಿದ್ರಿ ಪಾತ್ರೆ ಮೇಲಿನ ಬೆಳ್ಳಿ ಬಳ್ಳಿ ಬರೆಯೋಣ ಅಂದಳು ಒಬ್ಬಳು. 2023ರಲ್ಲಿ ನಮ್ಮೂರ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಬಿದ್ರಿ ಅಂದರೆ ಎಲ್ಲರಿಗೂ ಎದೆ ಉಬ್ಬುತ್ತದೆ. ಬೇಡ ಅಂದವರು ಯಾರು ಗೊತ್ತಾ? ಪಕ್ಕದ ಗಲ್ಲಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾ! ‘ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಬೆಳ್ಳಿ ಕೂಡ್ಸಿ, ಕಿಲ್ಲಾದ ಮಣ್ಣಾಗ ನವಸಾಗರ ಕಲ್ಸಿ ಹಚ್ಚಿದ್ರ ಕರ್ರಗಾಗ್ತದ ಬೇಟಾ. ಬೆಳ್ಳಿ ಮಾತ್ರ ಹಂಗೇ ಹೊಳೀತದ. ಆ ಕರೀ ಬಣ್ಣ ನಿನ್ನ ಡಬ್ಬಿಯೊಳಗ ಎಲ್ಲಿ ಅದ?’

ಕೊನೆಗೆ ಗವಾನ್ ಮದರಸಾದ ಹಂಚಿನ ಚಿತ್ತಾರ ಅಂತ ಗಟ್ಟಿಯಾಯಿತು. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಆಗ ಅದರ ಮುಂಭಾಗವೆಲ್ಲ ಬಣ್ಣದ ಹಂಚು. ಔರಂಗಜೇಬನ ಕಾಲದಲ್ಲಿ ಒಳಗಿದ್ದ ಮದ್ದು ಸಿಡಿದು ಒಂದು ಮಿನಾರೇ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿಯ ಹಂಚು ಅಲ್ಲಲ್ಲಿ ಇನ್ನೂ ಇವೆ. ಉದುರಿದ್ದನ್ನು ನಮ್ಮ ಗೋಡೆ ಮೇಲೆ ಜೋಡಿಸೋಣ ಅಂದಳು ಆ ಹುಡುಗಿ. ಆ ಮಾತು ನನಗೆ ಹಿಡಿಸಿತು.

ಆದರೆ ಅವಳ ನೀಲಿ ಸರಿ ಇರಲಿಲ್ಲ. ಮೊಬೈಲಿನ ಫೋಟೋ ನೋಡಿ ಕಲಸಿದ್ದಳು. ಸ್ಕೂಲ್ ಯೂನಿಫಾರ್ಮಿನ ನೀಲಿ ಅದು. ನನಗೆ ತಡೆಯಲಿಲ್ಲ. ಮರುದಿನ ಅಂಗಡಿ ತೆರೆಯುವ ಮೊದಲು ನೀಲಿ ಜಾತಿಯ ಹನ್ನೊಂದು ದಾರದ ರೀಲು ಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಮದರಸಾಕ್ಕೆ ಹೋದೆ. ಹಂಚು ಮುಟ್ಟಲಿಲ್ಲ. ಎರಡಡಿ ದೂರ ನಿಂತು ರೀಲು ಒಂದೊಂದೇ ಎತ್ತಿ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಅಲ್ಲಿ ಒಂದು ನೀಲಿ ಇಲ್ಲವೇ ಇಲ್ಲ! ಒಂದು ಹಂಚು ಬದನೆಕಾಯಿ ಕಡೆ ವಾಲಿದೆ, ಅದರ ಪಕ್ಕದ್ದು ಫಿರೋಜಿ ಕಡೆ. ಸುಮಾರು ಹೊತ್ತು ನಿಂತು ಮೂರು ರೀಲು ಬೇರೆ ಮಾಡಿದೆ. ಹುಡುಗಿ ಮೂರಕ್ಕೂ ಬೇರೆಬೇರೆ ಮಗ್ಗಿನಲ್ಲಿ ಪೇಂಟು ಕಲಸಿದಳು. ‘ಹಸೀ ಇದ್ದಾಗ ನೋಡಬ್ಯಾಡ್ರೀ ಅಕ್ಕಾ, ಒಣಗಿದ ಮ್ಯಾಲ ಇನ್ನೂ ಗಾಢ ಆಗ್ತದ’ ಅಂತ ನನಗೇ ಪಾಠ. ಅದೂ ಕಲಿತೆ.

ಗೋಡೆ ಮಾತ್ರ ಸತಾಯಿಸಿತು. ನಮ್ಮೂರ ಕೆಂಪು ಕಲ್ಲು ತೂತು ತೂತು, ನೀರು ಕುಡಿಯುತ್ತದೆ. ಎರಡು ಕೈ ಪ್ರೈಮರ್ ಎಲ್ಲಿ ಹೋಯಿತೋ. ದೇವರ ಟೈಲ್ಸನ್ನು ಬಿಡಿಸಿ ಮಾಲಕರ ಮನೆಗೆ ಕೊಟ್ಟರು. ಒಂಬತ್ತು ದಿನ ಕೆಲಸ ನಡೆಯಿತು. ಚಹಾ ನಮ್ಮ ಅಂಗಡಿಯದು. ಶಾಲೆ ಬಿಟ್ಟ ಮಕ್ಕಳಿಗೆ ಹಳದಿ ಪಟ್ಟಿ ತುಂಬಲು ಕೊಟ್ಟಿದ್ದರು. ಕೆಳಗಿನ ಸಾಲು ಸೊಟ್ಟ ಇರುವುದು ಅದಕ್ಕೇ.

ವ್ಯಾಪಾರ ಜಾಸ್ತಿ ಆಯಿತಾ ಅಂತ ನಾದಿನಿ ಕೇಳಿದಳು. ಸುಮ್ನೆ ಯಾಕೆ ಸುಳ್ಳು, ಫೋಟೋ ತೆಗೆಸಿಕೊಳ್ಳಲು ಬಂದವರು ಫಾಲ್ ಕೊಳ್ಳುವುದಿಲ್ಲ. ಆದರೆ ಸಂಜೆ ಹೆಂಗಸರು ಆ ಕಡೆಯ ಕಟ್ಟೆ ಮೇಲೆ ಕೂರುತ್ತಾರೆ. ಮೊದಲು ಮೂಗು ಮುಚ್ಚಿಕೊಂಡು ಓಡುತ್ತಿದ್ದ ಜಾಗ ಅದು. ಮಳೆಗಾಲದಲ್ಲಿ ಕೆಳಗೆ ಬಿಳಿ ಉಪ್ಪು ಬಿಟ್ಟಿತು. ಯಾವುದೋ ಕೋಚಿಂಗ್ ಕ್ಲಾಸಿನವರು ರಾತ್ರೋರಾತ್ರಿ ಪೋಸ್ಟರ್ ಅಂಟಿಸಿ ಹೋದರು. ಬೆಳಿಗ್ಗೆ ಚಾಚಾ ಬಕೆಟ್ ನೀರು ತಂದು ನೆನೆಸಿ, ಉಗುರಲ್ಲಿ ಕೆರೆದು ತೆಗೆದರು. ಬಿದ್ರಿ ಬೇಡವೆಂದ ಮನುಷ್ಯ! ಉಪ್ಪು ಬಿಟ್ಟ ಕಡೆ ಮತ್ತೆ ಬಣ್ಣ ಹಚ್ಚಬೇಕು ಅಂತ ಆ ಮೂರು ರೀಲು ಗಲ್ಲಾದಲ್ಲಿ ಇಟ್ಟಿದ್ದೇನೆ. ಮಾರುವುದಿಲ್ಲ.

ಮೊನ್ನೆ ಒಬ್ಬಾಕೆ ಬಂದು, ‘ಅಕ್ಕಾ, ಆ ಗ್ವಾಡಿ ಕಲರಿನ ಬ್ಲೌಸ್ ಪೀಸ್ ಕೊಡ್ರಿ’ ಅಂದಳು. ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ.

‘ಯಾವ ನೀಲಿ ಬೇಕು, ಬಿಸಿಲಾಗ ನಿಂತು ತೋರ್ಸವ್ವಾ.’