ಹುತ್ತರಿಗೆ ಮನೆ ಸೇರಿದಾಗ

ಕೊಡಗಿನ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಮುಹೂರ್ತ ಗೊತ್ತಾದ ಕೂಡಲೇ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಜೀವ ಬರುತ್ತದೆ. ಯಾರ ಕಾರಲ್ಲಿ ಯಾರು, ಯಾರಿಗೆ ರಜೆ ಸಿಗಲಿಲ್ಲ, ಬರೀ ಇದೇ. ಈ ಸಲ ನಮ್ಮ ಹಿರಿಯರ ಮನೆಯಾದ ಐನ್‌ಮನೆಯಲ್ಲಿ 22 ಜನ ಸೇರಿದ್ದೆವು, ಬಚ್ಚಲು ಮಾತ್ರ ಒಂದೇ!

ಮಧ್ಯಾಹ್ನವೆಲ್ಲ ಅಜ್ಜಿ ತಂಬುಟ್ಟು ಅನ್ನುವ ಸಿಹಿತಿಂಡಿಗೆ ಬಾಳೆಹಣ್ಣು ಕಿವುಚುತ್ತ ಕೂತಿದ್ದರು. ಸಿಪ್ಪೆ ಕಪ್ಪಾಗಿರಬೇಕು, ಇಲ್ಲದಿದ್ದರೆ ರುಚಿ ಬರಲ್ಲ ಅಂತ ನನ್ನ ಕೈಯಿಂದ ಎರಡು ಹಣ್ಣು ವಾಪಸ್ ಇಡಿಸಿದರು.

ರಾತ್ರಿ ಚಳಿಯಲ್ಲಿ ಎಲ್ಲರೂ ಗದ್ದೆಗೆ ಇಳಿದೆವು. ಪದ್ಧತಿಯಂತೆ ಗುಂಡು ಹಾರಿತು, ದೊಡ್ಡಪ್ಪ ಭತ್ತದ ಕದಿರು ಕೊಯ್ದರು, 'ಪೊಲಿ ಪೊಲಿ ದೇವಾ' (ಹೆಚ್ಚಲಿ ದೇವರೇ) ಅಂತ ಕೂಗುವಾಗ ನನ್ನ ಗಂಟಲು ಯಾಕೋ ಕಟ್ಟಿತು. ಹೋದ ವರ್ಷ ಮುಂದೆ ನಿಂತು ಕೂಗುತ್ತಿದ್ದವರು ಅಜ್ಜ, ಅಲ್ವಾ.

ಆಮೇಲೆ ಹೊಸಕ್ಕಿ ಪಾಯಸ. ನಾನು ಮೂರು ಸಲ ಹಾಕಿಸಿಕೊಂಡೆ.